ಸೂರ್ಯ ದೂರ ಹೋದನೆಂದು ಚಳಿಯೇ? 15 ಸೆಂಟಿಮೀಟರ್ ಸ್ಕೇಲಿನಲ್ಲಿ ಅಳೆದು ನೋಡಿ

ಜೂನ್ ಕೊನೆಗೆ ಮಳೆ ಹಿಡಿದುಕೊಳ್ಳುತ್ತಿದ್ದಂತೆ ವಾಟ್ಸಾಪ್ ಗುಂಪುಗಳಲ್ಲಿ ಒಂದು ಹಳೆಯ ಸಂದೇಶ ಮತ್ತೆ ಕಾಣಿಸಿಕೊಳ್ಳುತ್ತದೆ. ನಾಳೆ ಬೆಳಗ್ಗೆ 5 ಗಂಟೆ 27 ನಿಮಿಷಕ್ಕೆ 'ಅಫೀಲಿಯನ್' ಶುರುವಾಗುತ್ತದೆ, ಭೂಮಿ ಸೂರ್ಯನಿಂದ ಬಹಳ ದೂರ ಸರಿಯುತ್ತದೆ, ಆಗಸ್ಟ್‌ವರೆಗೂ ಹಿಂದೆಂದೂ ಕಾಣದ ಚಳಿ ಇರುತ್ತದೆ, ನೆಗಡಿ, ಕೆಮ್ಮು, ಮೈಕೈ ನೋವು, ಉಸಿರಾಟದ ತೊಂದರೆ ಬರುತ್ತದೆ, ಹಾಗಾಗಿ ವಿಟಮಿನ್ ತೆಗೆದುಕೊಂಡು ರೋಗನಿರೋಧಕ ಶಕ್ತಿ ಹೆಚ್ಚಿಸಿಕೊಳ್ಳಿ ಎಂಬುದು ಅದರ ಸಾರ. ಕೊನೆಯಲ್ಲಿ ಅಂಕಿಗಳಿರುತ್ತವೆ. ಸೂರ್ಯನಿಂದ ಭೂಮಿಗೆ ಸಾಮಾನ್ಯ ದೂರ 5 ಬೆಳಕಿನ ನಿಮಿಷ, ಅಂದರೆ 9,00,00,000 ಕಿಲೋಮೀಟರ್. ಅಫೀಲಿಯನ್ ವೇಳೆ ಅದು 15,20,00,000 ಕಿಲೋಮೀಟರ್ ಆಗುತ್ತದೆ. ಶೇಕಡಾ 66ರಷ್ಟು ಹೆಚ್ಚು!

ಅಫೀಲಿಯನ್ ಎಂಬುದು ನಿಜ. ಕನ್ನಡದಲ್ಲಿ ಅದನ್ನು ಅಪರವಿ ಎನ್ನುತ್ತಾರೆ. ಭೂಮಿಯ ಪಥ ಪೂರ್ತಿ ದುಂಡಗಿಲ್ಲದ ಕಾರಣ ವರ್ಷಕ್ಕೊಮ್ಮೆ, ಜುಲೈ ಮೊದಲ ವಾರದಲ್ಲಿ, ನಾವು ಸೂರ್ಯನಿಂದ ಅತಿ ದೂರದಲ್ಲಿರುತ್ತೇವೆ. ಜನವರಿ ಮೊದಲ ವಾರದಲ್ಲಿ ಅತಿ ಹತ್ತಿರ ಇರುತ್ತೇವೆ, ಅದು ಪುರರವಿ. 15.2 ಕೋಟಿ ಕಿ.ಮೀ. ಎಂಬ ಅಂಕಿಯೂ ಸರಿ. ಸುಳ್ಳು ಇರುವುದು ಇನ್ನೊಂದು ಅಂಕಿಯಲ್ಲಿ, 9 ಕೋಟಿಯಲ್ಲಿ.

ಈ ಸುಳ್ಳು ಯಾಕೆ ಸುಲಭವಾಗಿ ಸಿಕ್ಕಿಬೀಳುವುದಿಲ್ಲ ಎಂದರೆ, 9 ಕೋಟಿ ಕಿಲೋಮೀಟರ್ ಎಂದಾಗಲೂ 15 ಕೋಟಿ ಕಿಲೋಮೀಟರ್ ಎಂದಾಗಲೂ ನಮ್ಮ ತಲೆಯಲ್ಲಿ ಮೂಡುವುದು ಒಂದೇ ಚಿತ್ರ: 'ಬಹಳ ದೂರ'. ಟೊಮ್ಯಾಟೊ ಕೆ.ಜಿ.ಗೆ 40 ರೂಪಾಯಿ ಇದ್ದದ್ದು 400 ಆಯಿತು ಎಂದು ಯಾರಾದರೂ ಫಾರ್ವರ್ಡ್ ಮಾಡಿದರೆ ಎರಡು ಕ್ಷಣ ಯೋಚಿಸುತ್ತೇವೆ. ಕೋಟಿ ಕಿಲೋಮೀಟರಿಗೆ ಅಂಥ ಅಂದಾಜು ನಮ್ಮಲ್ಲಿಲ್ಲ. ಹಾಗಾಗಿ ಮೊದಲು ಅಳತೆಯನ್ನು ಕೈಗೆ ಎಟುಕುವ ಹಾಗೆ ಮಾಡಿಕೊಳ್ಳೋಣ. ಅದಕ್ಕೆ ಬೇಕಾದ ಪದಗಳು ಈಗಾಗಲೇ ನಿಮ್ಮ ಫೋನಿನಲ್ಲಿವೆ.

ಡೇಟಾ ಪ್ಯಾಕಿನ ಗಿಗಾ, ಆಕಾಶದ ಗಿಗಾ

ದಿನಕ್ಕೆ 1.5 ಜಿಬಿ ಡೇಟಾ, 20 ಎಂಬಿ ವಿಡಿಯೊ, 1 ಟಿಬಿ ಹಾರ್ಡ್ ಡಿಸ್ಕ್. ಮೆಗಾ, ಗಿಗಾ, ಟೆರಾ ಎಂಬ ಈ ಉಪಸರ್ಗಗಳು ಕಂಪ್ಯೂಟರಿನವರ ಸ್ವಂತ ಆಸ್ತಿಯಲ್ಲ. ಮೆಟ್ರಿಕ್ ಪದ್ಧತಿಯ ಯಾವ ಮಾನಕ್ಕಾದರೂ ಇವನ್ನು ಜೋಡಿಸಬಹುದು. ಕಿಲೋಗ್ರಾಂ, ಕಿಲೋಮೀಟರ್‌ಗಳಲ್ಲಿ ಇರುವುದು ಒಂದೇ ಕಿಲೋ. ಅದೇ ರೀತಿ ಮೆಗಾಮೀಟರ್, ಗಿಗಾಮೀಟರ್, ಟೆರಾಮೀಟರ್ ಕೂಡ ಇವೆ. ಪ್ರತಿ ಮೆಟ್ಟಿಲಿಗೂ ಸಾವಿರ ಪಟ್ಟು:

1 ಕಿಲೋಮೀಟರ್ = 1,000 ಮೀಟರ್
1 ಮೆಗಾಮೀಟರ್ = 1,000 ಕಿಲೋಮೀಟರ್
1 ಗಿಗಾಮೀಟರ್ = 10 ಲಕ್ಷ ಕಿಲೋಮೀಟರ್
1 ಟೆರಾಮೀಟರ್ = 100 ಕೋಟಿ ಕಿಲೋಮೀಟರ್
1 ಪೆಟಾಮೀಟರ್ = 1 ಲಕ್ಷ ಕೋಟಿ ಕಿಲೋಮೀಟರ್

ಇದರಾಚೆಗೂ ಎಕ್ಸಾ, ಜೆಟ್ಟಾ, ಯೊಟ್ಟಾ ಇವೆ. 2022ರಲ್ಲಿ ರೊನ್ನಾ ಮತ್ತು ಕ್ವೆಟ್ಟಾ ಎಂಬ ಎರಡು ಹೊಸ ಹೆಸರುಗಳೂ ಸೇರಿದವು. ನಮಗೆ ಇಲ್ಲಿ ಅಷ್ಟು ದೂರ ಹೋಗುವ ಅಗತ್ಯವಿಲ್ಲ.

ಕಂಪ್ಯೂಟರಿನಲ್ಲಿ ಮಾತ್ರ ಒಂದು ಸಣ್ಣ ಗೊಂದಲವಿದೆ. 64 ಜಿಬಿ ಪೆನ್‌ಡ್ರೈವ್ ತಂದು ಚುಚ್ಚಿದರೆ 59 ಚಿಲ್ಲರೆ ತೋರಿಸುತ್ತದೆ. ಅಂಗಡಿಯವನು ಮೋಸ ಮಾಡಿಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸಿದ್ದನ್ನು ಕಂಪ್ಯೂಟರ್ 1024ರ ಲೆಕ್ಕದಲ್ಲಿ ತೋರಿಸುತ್ತದೆ. ಮೀಟರ್ ವಿಷಯದಲ್ಲಿ ಈ ತಲೆನೋವಿಲ್ಲ. ಯಾವತ್ತೂ ಸಾವಿರ.

ಈ ಮೆಟ್ಟಿಲುಗಳಿಗೆ ಗುರುತಿನ ಕಲ್ಲು ನೆಡುವುದು ಸುಲಭ. ಬೆಂಗಳೂರಿನಿಂದ ಬೆಳಗಾವಿಗೆ ರಸ್ತೆಯಲ್ಲಿ ಸುಮಾರು 500 ಕಿ.ಮೀ.; ಹೋಗಿ ಬಂದರೆ ಹತ್ತಿರ ಹತ್ತಿರ ಒಂದು ಮೆಗಾಮೀಟರ್. ಭಾರತದ ಉತ್ತರ ತುದಿಯಿಂದ ದಕ್ಷಿಣ ತುದಿಗೆ 3,214 ಕಿ.ಮೀ., ಅಂದರೆ 3.2 ಮೆಗಾಮೀಟರ್. ಭೂಮಿಯನ್ನು ಒಂದು ಸುತ್ತು ಹಾಕಿದರೆ 40 ಮೆಗಾಮೀಟರ್. ಈ 40 ಇಷ್ಟು ದುಂಡಾದ ಸಂಖ್ಯೆಯಾಗಿರುವುದು ಆಕಸ್ಮಿಕವಲ್ಲ. 1790ರ ದಶಕದಲ್ಲಿ ಫ್ರಾನ್ಸಿನಲ್ಲಿ ಮೀಟರನ್ನು ರೂಪಿಸಿದವರು ಉತ್ತರ ಧ್ರುವದಿಂದ ಸಮಭಾಜಕ ವೃತ್ತದವರೆಗಿನ ದೂರದ ಒಂದು ಕೋಟಿಯ ಒಂದು ಭಾಗವನ್ನೇ ಮೀಟರ್ ಎಂದು ಕರೆದರು. ಭೂಮಿಯ ಸುತ್ತಳತೆಯ ಕಾಲುಭಾಗ 10 ಮೆಗಾಮೀಟರ್ ಆಗಿರುವುದು ಹಾಗೆ. ಅವರ ಅಳತೆಯಲ್ಲಿ ಸ್ವಲ್ಪ ವ್ಯತ್ಯಾಸ ಉಳಿಯಿತು. ನಿಜವಾದ ಕಾಲುಭಾಗ 10,002 ಕಿ.ಮೀ. ಇನ್ನೂರು ವರ್ಷಗಳ ಹಿಂದಿನ ಉಪಕರಣಗಳಲ್ಲಿ ಅಷ್ಟು ನಿಖರತೆ ಸಾಧಿಸಿದ್ದು ನನಗೆ ಇವತ್ತಿಗೂ ಬೆರಗು.

ಚಂದ್ರನ ಸರಾಸರಿ ದೂರ 3.84 ಲಕ್ಷ ಕಿ.ಮೀ., ಅಂದರೆ 384 ಮೆಗಾಮೀಟರ್. ಯಾವುದಾದರೂ ಹಳೆಯ ಲಾರಿಯ ಮೀಟರ್ 10 ಲಕ್ಷ ಕಿ.ಮೀ. ದಾಟಿದ್ದರೆ ಅದು ತನ್ನ ಆಯುಷ್ಯದಲ್ಲಿ ಒಂದು ಗಿಗಾಮೀಟರ್ ಓಡಿದೆ ಎಂದರ್ಥ. ಚಂದ್ರನಿಗೆ ಹೋಗಿ, ವಾಪಸ್ ಬಂದು, ಮತ್ತೆ ಮುಕ್ಕಾಲು ದಾರಿ ಹೋಗಲಿಲ್ಲವಾದರೂ ಅರ್ಧ ದಾಟಿದ ಹಾಗೆ!

ಸೂರ್ಯನ ಸರಾಸರಿ ದೂರ 14.96 ಕೋಟಿ ಕಿ.ಮೀ. ಹತ್ತು ಲಕ್ಷದಿಂದ ಭಾಗಿಸಿ: 149.6 ಗಿಗಾಮೀಟರ್. ದುಂಡಾಗಿ 150.

ಕಂಪಾಸ್ ಬಾಕ್ಸಿನ ಸ್ಕೇಲ್ ತೆಗೆಯಿರಿ

ಈಗ ಮನೆಯಲ್ಲಿ ಮಕ್ಕಳ ಕಂಪಾಸ್ ಬಾಕ್ಸ್ ಇದ್ದರೆ ಅದರೊಳಗಿನ 15 ಸೆಂಟಿಮೀಟರ್ ಸ್ಕೇಲ್ ತೆಗೆದುಕೊಳ್ಳಿ. ಅದರಲ್ಲಿ 150 ಮಿಲಿಮೀಟರ್ ಗೆರೆಗಳಿವೆ. ಒಂದು ಮಿಲಿಮೀಟರ್ ಅಂದರೆ ಒಂದು ಗಿಗಾಮೀಟರ್ ಎಂದು ಇಟ್ಟುಕೊಳ್ಳಿ. ಸೊನ್ನೆ ಗೆರೆಯಲ್ಲಿ ಸೂರ್ಯನನ್ನು ಇಟ್ಟರೆ ಭೂಮಿ ಸರಿಯಾಗಿ ಸ್ಕೇಲಿನ ಇನ್ನೊಂದು ತುದಿಯಲ್ಲಿ, 15ರ ಗೆರೆಯಲ್ಲಿ ಕೂರುತ್ತದೆ. ಇದೇ ಅಳತೆಯಲ್ಲಿ ಸೂರ್ಯನ ಅಗಲ 1.4 ಮಿಲಿಮೀಟರ್, ಒಂದು ರಾಗಿ ಕಾಳಿನಷ್ಟು. ಭೂಮಿ ಮಿಲಿಮೀಟರಿನ ನೂರರ ಒಂದು ಭಾಗಕ್ಕಿಂತ ತುಸು ಹೆಚ್ಚು. ಕೂದಲಿನ ದಪ್ಪಕ್ಕಿಂತ ಕಡಿಮೆ, ಕಣ್ಣಿಗೆ ಕಾಣಿಸದು.

ಈಗ ಫಾರ್ವರ್ಡನ್ನು ಸ್ಕೇಲಿನ ಮೇಲೆ ಇಡೋಣ.

ಜುಲೈನ ಅಪರವಿ: 15.21 ಕೋಟಿ ಕಿ.ಮೀ. ಸ್ಕೇಲಿನಲ್ಲಿ 15.2 ಸೆಂ.ಮೀ. ಜನವರಿಯ ಪುರರವಿ: 14.71 ಕೋಟಿ ಕಿ.ಮೀ. ಸ್ಕೇಲಿನಲ್ಲಿ 14.7 ಸೆಂ.ಮೀ. ಇಡೀ ವರ್ಷದಲ್ಲಿ ಭೂಮಿ ಸೂರ್ಯನ ಕಡೆಗೆ ಸರಿಯುವುದು, ದೂರ ಹೋಗುವುದು ಎಲ್ಲ ಸೇರಿ ಅರ್ಧ ಸೆಂಟಿಮೀಟರ್. ಶೇಕಡಾ 3ಕ್ಕಿಂತ ಸ್ವಲ್ಪ ಹೆಚ್ಚು. ಕಾಗದದ ಮೇಲೆ ಈ ಪಥವನ್ನು ಸರಿಯಾದ ಪ್ರಮಾಣದಲ್ಲಿ ಬಿಡಿಸಿದರೆ ಅದು ವೃತ್ತವಲ್ಲ ಎಂದು ಬರಿಗಣ್ಣಿಗೆ ಗೊತ್ತಾಗುವುದೇ ಇಲ್ಲ. ಪಠ್ಯಪುಸ್ತಕಗಳಲ್ಲಿ ಕೋಳಿಮೊಟ್ಟೆಯಂತೆ ಉದ್ದುದ್ದ ಬಿಡಿಸಿರುತ್ತಾರಲ್ಲ, ಆ ಚಿತ್ರಗಳೂ ಈ ಫಾರ್ವರ್ಡಿಗೆ ಪರೋಕ್ಷವಾಗಿ ಸಹಾಯ ಮಾಡಿವೆ ಎನ್ನಬೇಕು.

ಇನ್ನು ಸಂದೇಶದ 9 ಕೋಟಿ ಕಿ.ಮೀ. ಅದು 90 ಗಿಗಾಮೀಟರ್, ಸ್ಕೇಲಿನಲ್ಲಿ 9ರ ಗೆರೆ. ಅಲ್ಲಿ ಯಾರಿದ್ದಾರೆ ನೋಡಿ. ಬುಧ 5.8 ಸೆಂ.ಮೀ.ನಲ್ಲಿದೆ, ಶುಕ್ರ 10.8ರಲ್ಲಿದೆ. ಸಂದೇಶ ಹೇಳುವ 'ಸಾಮಾನ್ಯ ದೂರ'ದಲ್ಲಿ ಭೂಮಿ ಇದ್ದಿದ್ದರೆ ನಾವು ಶುಕ್ರಗ್ರಹಕ್ಕಿಂತಲೂ ಒಳಗೆ, ಸೂರ್ಯನಿಗೆ ಇನ್ನೂ ಹತ್ತಿರ ಇರಬೇಕಾಗಿತ್ತು. ದೂರ ಕಡಿಮೆಯಾದಂತೆ ಬಿಸಿಲು ವರ್ಗದ ಲೆಕ್ಕದಲ್ಲಿ ಏರುತ್ತದೆ. 150ನ್ನು 90ರಿಂದ ಭಾಗಿಸಿ ವರ್ಗ ಮಾಡಿದರೆ 2.78 ಬರುತ್ತದೆ. ಈಗಿನದಕ್ಕಿಂತ ಎರಡೂಮುಕ್ಕಾಲು ಪಟ್ಟು ಬಿಸಿಲಿನಲ್ಲಿ ಕುಳಿತು ಚಳಿಯ ಬಗ್ಗೆ ಮೆಸೇಜ್ ಓದಲು ಯಾರೂ ಉಳಿದಿರುತ್ತಿರಲಿಲ್ಲ.

ಬೆಳಕಿನ ನಿಮಿಷದ ಮಾತೂ ಇಲ್ಲೇ ಮುಗಿಯುತ್ತದೆ. ಬೆಳಕು ಒಂದು ಸೆಕೆಂಡಿಗೆ 29,97,92,458 ಮೀಟರ್ ಹೋಗುತ್ತದೆ. ಇದು ಅಂದಾಜಲ್ಲ, 1983ರಿಂದ ಮೀಟರಿನ ವ್ಯಾಖ್ಯೆಯೇ ಈ ಸಂಖ್ಯೆಯ ಮೇಲೆ ನಿಂತಿದೆ. ಅಂದರೆ ಸೆಕೆಂಡಿಗೆ ಸುಮಾರು 0.3 ಗಿಗಾಮೀಟರ್, ನಿಮಿಷಕ್ಕೆ 18 ಗಿಗಾಮೀಟರ್. ಐದು ಹದಿನೆಂಟಲೆ ತೊಂಬತ್ತು. ಸಂದೇಶದ 5 ನಿಮಿಷಕ್ಕೂ 9 ಕೋಟಿಗೂ ತಾಳೆಯಾಗುತ್ತದೆ ನಿಜ. ಸುಳ್ಳು ಹೀಗೆ ತನ್ನೊಳಗೇ ಲೆಕ್ಕ ಹೊಂದಿಸಿಕೊಂಡು ಬಂದಾಗ ಓದಿದವರೂ ನಂಬುತ್ತಾರೆ. ಆದರೆ ಸೂರ್ಯನ ಬೆಳಕು ನಮ್ಮನ್ನು ತಲುಪಲು ತೆಗೆದುಕೊಳ್ಳುವುದು 8 ನಿಮಿಷ 19 ಸೆಕೆಂಡ್. ಇನ್ನು ಆ ಶೇಕಡಾ 66: ಅವರದೇ ಅಂಕಿಗಳನ್ನು ಇಟ್ಟುಕೊಂಡರೂ 90ರಿಂದ 152ಕ್ಕೆ ಏರಿಕೆ ಶೇಕಡಾ 69 ಆಗುತ್ತದೆ. ಬರೆದವರು ಕ್ಯಾಲ್ಕುಲೇಟರ್ ಕೂಡ ಒತ್ತಿಲ್ಲ.

ಕಿಲೋಮೀಟರಿನ ಜಾಗದಲ್ಲಿ ಮೈಲಿಯ ಅಂಕಿ ಬಂದು ಕೂತರೂ ಹೆಚ್ಚುಕಡಿಮೆ ಇಂಥದೇ ತಪ್ಪಾಗುತ್ತದೆ. 15 ಕೋಟಿ ಕಿ.ಮೀ. ಎಂದರೆ 9.3 ಕೋಟಿ ಮೈಲಿ. ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ಸೂರ್ಯನ ದೂರ ಎಂದು ಸಿಗುವುದು ಈ ಅಂಕಿಯೇ. ಎರಡು ದೂರಗಳನ್ನು ಹೋಲಿಸುವ ಯಾವ ಸಂದೇಶ ಬಂದರೂ ಮೊದಲು ಎರಡೂ ಒಂದೇ ಮಾನದಲ್ಲಿವೆಯೇ ಎಂದು ನೋಡಿ.

ಹಾಗಾದರೆ ಜುಲೈನಲ್ಲಿ ಚಳಿ ಯಾಕೆ?

ಅಪರವಿಯಲ್ಲಿ ನಮಗೆ ತಲುಪುವ ಬಿಸಿಲು ಪುರರವಿಗಿಂತ ಸುಮಾರು ಶೇಕಡಾ 7ರಷ್ಟು ಕಡಿಮೆ. ಇದನ್ನು ಮುಚ್ಚಿಡಬೇಕಿಲ್ಲ. ಆದರೆ ಋತುಗಳನ್ನು ನಡೆಸುವುದು ದೂರವಲ್ಲ, ಭೂಮಿಯ ಅಕ್ಷದ 23.4 ಡಿಗ್ರಿ ಓರೆ. ಜುಲೈನಲ್ಲಿ ಉತ್ತರಾರ್ಧಗೋಳ ಸೂರ್ಯನ ಕಡೆ ವಾಲಿರುತ್ತದೆ. ಹಾಗಾಗಿ ಸೂರ್ಯನಿಂದ ಅತಿ ದೂರ ಇರುವ ತಿಂಗಳಲ್ಲೇ ಯುರೋಪು, ಅಮೆರಿಕಗಳಲ್ಲಿ ನಡುಬೇಸಿಗೆ. ಸೂರ್ಯನಿಗೆ ಅತಿ ಹತ್ತಿರ ಇರುವ ಜನವರಿಯಲ್ಲಿ ಅವರು ಹಿಮ ಗೋರುತ್ತಿರುತ್ತಾರೆ.

ನಮ್ಮಲ್ಲಿ ಇದಕ್ಕೆ ಇನ್ನೂ ಒಳ್ಳೆಯ ಸಾಕ್ಷಿ ಇದೆ. ಬೆಂಗಳೂರಿನಲ್ಲಿ ಇದುವರೆಗೆ ದಾಖಲಾದ ಅತಿ ಕಡಿಮೆ ತಾಪಮಾನ 7.8 ಡಿಗ್ರಿ ಸೆಲ್ಸಿಯಸ್. ದಿನ, 1884ರ ಜನವರಿ 13. ಭೂಮಿ ಪುರರವಿ ದಾಟಿ ಎರಡು ವಾರವೂ ಆಗಿರಲಿಲ್ಲ. ಬೀದರ್, ವಿಜಯಪುರದವರು ಕಂಬಳಿ ಹೊದೆಯುವುದೂ ಸೂರ್ಯ ಅತ್ಯಂತ ಹತ್ತಿರ ಇರುವ ಈ ದಿನಗಳಲ್ಲೇ. ಜುಲೈನ ತಂಪಿಗೆ ಕಾರಣ ಮುಂಗಾರು: ದಟ್ಟ ಮೋಡ, ಮಳೆ, ಬೀಸುಗಾಳಿ. ಕೊಡಗಿನವರಿಗೋ ಆಗುಂಬೆಯವರಿಗೋ ಇದನ್ನು ಹೇಳಿಕೊಡಬೇಕಿಲ್ಲ.

ಈ ಸಂದೇಶವನ್ನು ನಕ್ಕು ಬಿಟ್ಟುಬಿಡಬಾರದು ಎನ್ನಲು ಒಂದು ಕಾರಣವಿದೆ. ಇದು ಹರಡುವ ಜುಲೈ, ಆಗಸ್ಟ್ ತಿಂಗಳುಗಳು ನಮ್ಮಲ್ಲಿ ಡೆಂಗಿ ಏರುವ ಕಾಲ. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಜ್ವರ, ಮೈಕೈ ನೋವು ಬಂದಾಗ 'ಇದು ಅಫೀಲಿಯನ್ ಚಳಿಗೆ ಬಂದದ್ದು, ವಿಟಮಿನ್ ತೆಗೆದುಕೊಂಡರೆ ಹೋಗುತ್ತದೆ' ಎಂದು ಮನೆಯ ಹಿರಿಯರು ಸುಮ್ಮನೆ ಕೂತರೆ ಅದರ ಬೆಲೆ ದೊಡ್ಡದಾಗಬಹುದು. ಮಳೆಗಾಲದಲ್ಲಿ ಜ್ವರ ಎರಡು ದಿನ ದಾಟಿದರೆ ವೈದ್ಯರಿಗೆ ತೋರಿಸಿ. ಡೆಂಗಿ ಅನುಮಾನವಿದ್ದಾಗ ಆಸ್ಪಿರಿನ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳನ್ನು ನೀವೇ ನುಂಗಬೇಡಿ. ರಕ್ತಸ್ರಾವದ ಅಪಾಯವನ್ನು ಅವು ಹೆಚ್ಚಿಸುತ್ತವೆ. ಮನೆಯ ಸುತ್ತ ನಿಂತ ನೀರು ಚೆಲ್ಲುವುದು ಯಾವ ವಿಟಮಿನ್ ಡಬ್ಬಕ್ಕಿಂತಲೂ ಅಗ್ಗ.

ಮಿಲಿಯನ್ ಲಕ್ಷವಾಗುವಾಗ

ದೂರದ ಸುದ್ದಿಗಳು ಬಹುಪಾಲು ಇಂಗ್ಲಿಷಿನಿಂದ ಬರುತ್ತವೆ. ಅಲ್ಲಿ ಮಿಲಿಯನ್, ಬಿಲಿಯನ್. ಇಲ್ಲಿ ಲಕ್ಷ, ಕೋಟಿ. ದಾರಿಯಲ್ಲಿ ಒಂದು ಸೊನ್ನೆ ಬಿದ್ದುಹೋಗುವುದು ಮಾಮೂಲು. 4.6 ಮಿಲಿಯನ್ ಕಿ.ಮೀ. ಎಂಬುದು '4.6 ಲಕ್ಷ ಕಿ.ಮೀ.' ಎಂದಾದರೆ ಚಂದ್ರನಿಂದ ತುಸು ಆಚೆ ಇದ್ದಂತೆ ಕಾಣುತ್ತದೆ. ನಿಜವಾಗಿ ಅದು 46 ಲಕ್ಷ, ಚಂದ್ರನ ದೂರದ ಹನ್ನೆರಡು ಪಟ್ಟು.

ಇಲ್ಲಿ ಗಿಗಾಮೀಟರ್ ಉಪಕಾರಕ್ಕೆ ಬರುತ್ತದೆ. ಒಂದು ಮಿಲಿಯನ್ ಕಿ.ಮೀ. ಎಂದರೆ ಒಂದು ಗಿಗಾಮೀಟರೇ. ಅಂಕಿ ಬದಲಿಸುವ ಕೆಲಸವೇ ಇಲ್ಲ: 4.6 ಮಿಲಿಯನ್ ಕಿ.ಮೀ. ಅಂದರೆ 4.6 ಗಿಗಾಮೀಟರ್. ಹಾಗೆಯೇ ಬಿಲಿಯನ್ ಕಿ.ಮೀ. ಅಂದರೆ ಟೆರಾಮೀಟರ್, ಟ್ರಿಲಿಯನ್ ಕಿ.ಮೀ. ಅಂದರೆ ಪೆಟಾಮೀಟರ್. ಲಕ್ಷಕ್ಕೆ ತರಬೇಕಾದರೆ ಗಿಗಾಮೀಟರನ್ನು ಹತ್ತರಿಂದ ಗುಣಿಸಿ; ಕೋಟಿಗೆ ತರಲು ಹತ್ತರಿಂದ ಭಾಗಿಸಿ. 150 ಗಿಗಾಮೀಟರ್, 1,500 ಲಕ್ಷ, 15 ಕೋಟಿ. ಇಷ್ಟು ಅನುಕೂಲವಿದ್ದರೂ ಖಗೋಳ ವಿಜ್ಞಾನಿಗಳು ಗಿಗಾಮೀಟರನ್ನು ಅಷ್ಟಾಗಿ ಬಳಸುವುದಿಲ್ಲ. ಸೂರ್ಯ-ಭೂಮಿ ದೂರವನ್ನೇ 'ಖಗೋಳಮಾನ' ಎಂದಿಟ್ಟುಕೊಂಡು ಅದರಲ್ಲೇ ಅಳೆಯುತ್ತಾರೆ. ಅವರಿಗೆ ಅದು ಅನುಕೂಲ ಇರಬಹುದು. ಸುದ್ದಿ ಬರೆಯುವವರು ಮಾತ್ರ ಗಿಗಾಮೀಟರ್ ರೂಢಿಸಿಕೊಂಡರೆ ಒಳ್ಳೆಯದು ಎಂದು ನನ್ನ ಅಭಿಪ್ರಾಯ.

ಇಂಗ್ಲಿಷಿನಲ್ಲಿ ಸಂಕ್ಷಿಪ್ತವಾಗಿ ಬರೆಯುವಾಗ ಒಂದು ಎಚ್ಚರ ಬೇಕು. ಎರಡು 'ಎಂ' ಅಕ್ಷರಗಳೂ ಚಿಕ್ಕದಾಗಿದ್ದರೆ ಮಿಲಿಮೀಟರ್, ಮೊದಲನೆಯದು ದೊಡ್ಡದಾಗಿದ್ದರೆ ಮೆಗಾಮೀಟರ್. ಒಂದು ಅಕ್ಷರದ ಗಾತ್ರದಲ್ಲಿ ನೂರು ಕೋಟಿ ಪಟ್ಟು ವ್ಯತ್ಯಾಸ!

ಫೋನಿನ ಕ್ಯಾಲ್ಕುಲೇಟರ್ ದೊಡ್ಡ ಉತ್ತರ ಬಂದಾಗ 1.496 ಆದ ಮೇಲೆ 'ಇ' ಎಂಬ ಅಕ್ಷರ, ನಂತರ 11 ಎಂದು ತೋರಿಸುತ್ತದೆ. ಅದು ಕೆಟ್ಟುಹೋಗಿಲ್ಲ. ದಶಮಾಂಶ ಬಿಂದುವನ್ನು 11 ಸ್ಥಾನ ಬಲಕ್ಕೆ ಸರಿಸಿ ಎಂದು ಅರ್ಥ. ಮೀಟರಿನಲ್ಲಿ ಲೆಕ್ಕ ಮಾಡುತ್ತಿದ್ದರೆ 'ಇ' ಮುಂದಿನ ಸಂಖ್ಯೆ 6, 7, 8 ಆದರೆ ಮೆಗಾಮೀಟರ್ ಮೆಟ್ಟಿಲು. 9, 10, 11 ಆದರೆ ಗಿಗಾಮೀಟರ್. 12ರಿಂದ 14 ಟೆರಾಮೀಟರ್. 15ರಿಂದ 17 ಪೆಟಾಮೀಟರ್.

'ಭೂಮಿಯ ಸಮೀಪ' ಎಂದರೆ ಎಷ್ಟು ಸಮೀಪ?

ವಿಮಾನದಷ್ಟು ದೊಡ್ಡ ಕ್ಷುದ್ರಗ್ರಹ ಭೂಮಿಯತ್ತ ನುಗ್ಗುತ್ತಿದೆ ಎಂಬ ಸುದ್ದಿ ತಿಂಗಳಿಗೊಂದಾದರೂ ಬರುತ್ತದೆ. 'ಅಪಾಯಕಾರಿಯಾಗಬಲ್ಲ ಕ್ಷುದ್ರಗ್ರಹ' ಎಂಬ ಪಟ್ಟಿಗೆ ವಿಜ್ಞಾನಿಗಳು ಸೇರಿಸುವ ನಿಯಮ ಹೀಗಿದೆ: ಅದರ ಪಥ ಭೂಮಿಯ ಪಥಕ್ಕೆ 75 ಲಕ್ಷ ಕಿ.ಮೀ.ಗಿಂತ ಹತ್ತಿರ ಬರಬೇಕು, ಗಾತ್ರ ಸುಮಾರು 140 ಮೀಟರ್ ಇಲ್ಲವೇ ಹೆಚ್ಚು ಇರಬೇಕು. 75 ಲಕ್ಷ ಅಂದರೆ 7.5 ಗಿಗಾಮೀಟರ್. ನಮ್ಮ ಸ್ಕೇಲಿನಲ್ಲಿ ಏಳೂವರೆ ಮಿಲಿಮೀಟರ್. ಅದೇ ಸ್ಕೇಲಿನಲ್ಲಿ ಚಂದ್ರ ಇರುವುದು ಭೂಮಿಯಿಂದ ಅರ್ಧ ಮಿಲಿಮೀಟರಿಗಿಂತಲೂ ಹತ್ತಿರ. ಹೆಸರಿನಲ್ಲಿ ಅಪಾಯವಿದೆ ನಿಜ. ಆದರೆ ಅದು ಕಣ್ಣಿಡಬೇಕಾದವುಗಳ ಪಟ್ಟಿ, ಬಡಿಯಲಿರುವವುಗಳ ಪಟ್ಟಿಯಲ್ಲ.

ನಿಜಕ್ಕೂ ಹತ್ತಿರ ಬರುವುದು ಹೇಗಿರುತ್ತದೆ ಎಂದು 2029ರ ಏಪ್ರಿಲ್ 13ರಂದು ನೋಡಬಹುದು. ಅಪೋಫಿಸ್ ಎಂಬ ಕ್ಷುದ್ರಗ್ರಹ ಭೂಮಿಯ ನೆಲಮಟ್ಟದಿಂದ ಸುಮಾರು 32,000 ಕಿ.ಮೀ. ದೂರದಲ್ಲಿ ಹಾದುಹೋಗಲಿದೆ. ಗಿಗಾಮೀಟರ್ ಬಿಡಿ, ಬರೀ 32 ಮೆಗಾಮೀಟರ್. ಟಿವಿ ಪ್ರಸಾರದ ಭೂಸ್ಥಿರ ಉಪಗ್ರಹಗಳು ಇರುವುದು 36 ಮೆಗಾಮೀಟರ್ ಎತ್ತರದಲ್ಲಿ. ಅದಕ್ಕಿಂತಲೂ ಕೆಳಗೆ ಬರುತ್ತದೆ. ಆದರೂ ಡಿಕ್ಕಿಯಾಗುವುದಿಲ್ಲ. ಮುಂದಿನ ನೂರು ವರ್ಷ ಅಂಥ ಅಪಾಯವಿಲ್ಲ ಎಂದು ನಾಸಾ 2021ರಲ್ಲೇ ಹೇಳಿದೆ. ಆ ವರ್ಷ ಬರಲಿರುವ ಫಾರ್ವರ್ಡ್‌ಗಳಿಗೆ ಈಗಲೇ ಉತ್ತರ ಸಿದ್ಧವಿರಲಿ.

ಇಸ್ರೊದ ಆದಿತ್ಯ-ಎಲ್1 ಬಗ್ಗೆಯೂ ಇದೇ ರೀತಿಯ ಗೊಂದಲವಿತ್ತು. 2023ರ ಸೆಪ್ಟೆಂಬರ್ 2ರಂದು ಹೊರಟ ಅದು 2024ರ ಜನವರಿ 6ರಂದು ತನ್ನ ಜಾಗ ಸೇರಿದಾಗ 'ಸೂರ್ಯನನ್ನು ತಲುಪಿದ ಭಾರತ' ಎಂಬಂಥ ಪೋಸ್ಟರ್‌ಗಳು ಹರಿದಾಡಿದವು. ಅದು ಇರುವುದು ಭೂಮಿಯಿಂದ 15 ಲಕ್ಷ ಕಿ.ಮೀ. ದೂರದಲ್ಲಿ, ಸೂರ್ಯ ಇರುವುದು 15 ಕೋಟಿ ಕಿ.ಮೀ. ದೂರದಲ್ಲಿ. ಎರಡರಲ್ಲೂ 15 ಇರುವುದರಿಂದಲೇ ಕಣ್ಣು ಮೋಸ ಹೋಗುತ್ತದೆ. 1.5 ಗಿಗಾಮೀಟರ್ ಮತ್ತು 150 ಗಿಗಾಮೀಟರ್ ಎಂದು ಬರೆದರೆ ಸಂಶಯಕ್ಕೆ ಜಾಗವಿಲ್ಲ. ಸ್ಕೇಲಿನ ಆ ತುದಿಯಿಂದ ಒಂದೂವರೆ ಮಿಲಿಮೀಟರ್ ಮುಂದೆ ಹೋಗಿ ನಿಂತಿದೆ. ಅಲ್ಲಿಂದ ಗ್ರಹಣದ ಅಡ್ಡಿಯಿಲ್ಲದೆ ಸೂರ್ಯನನ್ನು ಸದಾ ನೋಡಬಹುದು ಎಂಬುದೇ ಆ ಜಾಗದ ಮಹತ್ವ. ಸೂರ್ಯನ ಹತ್ತಿರ ಹೋಗುವುದು ಅದರ ಉದ್ದೇಶವೇ ಆಗಿರಲಿಲ್ಲ.

ಒಂದು ಯೋಜನ ಎಷ್ಟು ಕಿಲೋಮೀಟರ್?

ಇನ್ನೊಂದು ಜನಪ್ರಿಯ ಫಾರ್ವರ್ಡ್: ಹನುಮಾನ್ ಚಾಲೀಸಾದಲ್ಲಿ ಸೂರ್ಯನ ದೂರ ನಿಖರವಾಗಿ ಇದೆ ಎನ್ನುವುದು. ಅದರಲ್ಲಿ ಬರುವ ಯುಗ, ಸಹಸ್ರ, ಯೋಜನ ಎಂಬ ಪದಗಳಿಗೆ ಕ್ರಮವಾಗಿ 12,000, 1,000 ಮತ್ತು 8 ಮೈಲಿ ಎಂದು ಬೆಲೆ ಕೊಟ್ಟು ಗುಣಿಸುತ್ತಾರೆ. 9.6 ಕೋಟಿ ಮೈಲಿ, ಅಂದರೆ 15.4 ಕೋಟಿ ಕಿ.ಮೀ. ಬರುತ್ತದೆ. ಭಕ್ತಿಯ ವಿಷಯ ಇಲ್ಲಿ ಚರ್ಚೆಗಿಲ್ಲ. ಮಾನ ಪರಿವರ್ತನೆಯ ವಿಷಯ ಮಾತ್ರ ಇದೆ: ಯೋಜನ 8 ಮೈಲಿ ಎಂದು ನಿಗದಿ ಮಾಡಿದವರು ಯಾರು?

ಹಳೆಯ ಗ್ರಂಥಗಳಲ್ಲಿ ಯೋಜನಕ್ಕೆ ಒಂದೇ ಬೆಲೆಯಿಲ್ಲ. ಆರ್ಯಭಟನ ಪ್ರಕಾರ ಭೂಮಿಯ ವ್ಯಾಸ 1,050 ಯೋಜನ. ನಮಗೆ ಈಗ ಗೊತ್ತಿರುವ ವ್ಯಾಸ 12,742 ಕಿ.ಮೀ. ಅದರಿಂದ ಅವನ ಯೋಜನ ಸುಮಾರು 12.1 ಕಿ.ಮೀ. ಎಂದಾಗುತ್ತದೆ. ಸೂರ್ಯಸಿದ್ಧಾಂತದಲ್ಲಿ ಅದೇ ಭೂಮಿಯ ವ್ಯಾಸ 1,600 ಯೋಜನ. ಆಗ ಯೋಜನ 8 ಕಿ.ಮೀ. ಮೈಲಿಯಲ್ಲ, ಕಿಲೋಮೀಟರ್. ಫಾರ್ವರ್ಡಿನ 1.2 ಕೋಟಿ ಯೋಜನವನ್ನು ಆರ್ಯಭಟನ ಯೋಜನದಲ್ಲಿ ಅಳೆದರೆ ನಮ್ಮ ಸ್ಕೇಲಿನಲ್ಲಿ 14.6 ಸೆಂ.ಮೀ., ಸೂರ್ಯಸಿದ್ಧಾಂತದ ಯೋಜನದಲ್ಲಿ 9.6 ಸೆಂ.ಮೀ., ಫಾರ್ವರ್ಡ್ ಮಾಡಿದವರ ಯೋಜನದಲ್ಲಿ 15.4 ಸೆಂ.ಮೀ. ಉತ್ತರ ಮೊದಲೇ ಗೊತ್ತಿದ್ದು, ಅದಕ್ಕೆ ಹೊಂದುವ ಮಾನವನ್ನು ಆಮೇಲೆ ಆರಿಸಿಕೊಂಡರೆ ಯಾವ ಸಂಖ್ಯೆಯನ್ನಾದರೂ ಎಲ್ಲಿಗಾದರೂ ಹೊಂದಿಸಬಹುದು. ಅದೂ ಅಲ್ಲದೆ 12,000 ಎಂಬುದು ದೇವವರ್ಷಗಳ ಎಣಿಕೆ. ಕಾಲದ ಅಳತೆಯನ್ನು ದೂರಕ್ಕೆ ಗುಣಿಸಿದರೆ ದೂರ ಬರುವುದಿಲ್ಲ.

ನಮ್ಮ ಪ್ರಾಚೀನರ ನಿಜವಾದ ಸಾಧನೆ ಬೇರೆ ಕಡೆ ಇದೆ, ಅದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಸೂರ್ಯಸಿದ್ಧಾಂತ ಚಂದ್ರನ ಪಥದ ಸುತ್ತಳತೆಯನ್ನು 3,24,000 ಯೋಜನ ಎನ್ನುತ್ತದೆ. ಅದರದ್ದೇ 8 ಕಿ.ಮೀ. ಯೋಜನದಲ್ಲಿ ಲೆಕ್ಕ ಹಾಕಿದರೆ ಚಂದ್ರನ ದೂರ ಸುಮಾರು 4.1 ಲಕ್ಷ ಕಿ.ಮೀ. ಬರುತ್ತದೆ. ನಿಜವಾದ 3.84 ಲಕ್ಷಕ್ಕೆ ಎಷ್ಟು ಹತ್ತಿರ ನೋಡಿ! ದೂರದರ್ಶಕವಿಲ್ಲದ ಕಾಲದ ಲೆಕ್ಕ ಇದು. ಅದೇ ಗ್ರಂಥದಲ್ಲಿ ಸೂರ್ಯನ ದೂರ ಮಾತ್ರ ಸುಮಾರು 55 ಲಕ್ಷ ಕಿ.ಮೀ. ಬರುತ್ತದೆ, ನಿಜಕ್ಕಿಂತ ಬಹಳ ಕಡಿಮೆ. ಸೂರ್ಯನ ದೂರ ಅಳೆಯುವುದು ಎಲ್ಲ ನಾಗರಿಕತೆಗಳಿಗೂ ಕಷ್ಟವಾಗಿತ್ತು, ಗ್ರೀಕರೂ ಅಲ್ಲೇ ಎಡವಿದ್ದರು.

ಸ್ಕೇಲಿನಾಚೆ

'ಜ್ಯೋತಿರ್ವರ್ಷಗಳೇ ಕಳೆದವು' ಎಂದು ಬರೆಯುವವರು ಈಗಲೂ ಇದ್ದಾರೆ. ಜ್ಯೋತಿರ್ವರ್ಷ ಕಾಲವಲ್ಲ, ದೂರ: ಬೆಳಕು ಒಂದು ವರ್ಷದಲ್ಲಿ ಸಾಗುವಷ್ಟು. ಕಿಲೋಮೀಟರಿನಲ್ಲಿ 9.46 ಲಕ್ಷ ಕೋಟಿ. ಮೆಟ್ಟಿಲು ಹತ್ತಿ ಹೇಳಿದರೆ 9.46 ಪೆಟಾಮೀಟರ್.

ನಮ್ಮ ಸ್ಕೇಲಿನಲ್ಲಿ ಗಿಗಾಮೀಟರ್ ಮಿಲಿಮೀಟರ್ ಆಗಿರುವುದರಿಂದ ಟೆರಾಮೀಟರ್ ಮೀಟರ್ ಆಗುತ್ತದೆ, ಪೆಟಾಮೀಟರ್ ಕಿಲೋಮೀಟರ್ ಆಗುತ್ತದೆ. ಭೂಮಿ 15 ಸೆಂಟಿಮೀಟರಿನಲ್ಲಿದ್ದರೆ ಕೊನೆಯ ಗ್ರಹ ನೆಪ್ಚೂನ್ ನಾಲ್ಕೂವರೆ ಮೀಟರಿನಲ್ಲಿ, ಅಂದರೆ ಕೋಣೆಯ ಆಚೆ ಗೋಡೆಯ ಹತ್ತಿರ. 1977ರಲ್ಲಿ ಹೊರಟು ಸೆಕೆಂಡಿಗೆ ಸುಮಾರು 17 ಕಿ.ಮೀ. ವೇಗದಲ್ಲಿ ಓಡುತ್ತಲೇ ಇರುವ ವಾಯೇಜರ್ 1 ನೌಕೆ ಈಗ 2,500 ಕೋಟಿ ಕಿ.ಮೀ. ದಾಟಿದೆ: 25 ಟೆರಾಮೀಟರ್, ಸ್ಕೇಲಿನಲ್ಲಿ 25 ಮೀಟರ್. ಮನೆಯಿಂದ ಹೊರಬಿದ್ದು ಬೀದಿಯಲ್ಲಿ ನಾಲ್ಕು ಮನೆ ದಾಟಿದಂತೆ. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ. ಅದರ ದೂರ 4.24 ಜ್ಯೋತಿರ್ವರ್ಷ, 40 ಪೆಟಾಮೀಟರ್. ರಾಗಿ ಕಾಳಿನಷ್ಟು ಸೂರ್ಯನನ್ನು ಮೈಸೂರಿನ ಒಂದು ಮೇಜಿನ ಮೇಲೆ ಇಟ್ಟರೆ, ಆ ನಕ್ಷತ್ರ ಹೆಚ್ಚುಕಡಿಮೆ ಮಂಡ್ಯದಲ್ಲಿರುತ್ತದೆ. ವಾಯೇಜರ್ ಅದೇ ವೇಗದಲ್ಲಿ ಅಷ್ಟು ದೂರ ಹೋಗಲು ಇನ್ನೂ 75,000 ವರ್ಷ ಬೇಕು.